ಎಳೆಗೂಸಿನ ಚರ್ಮಕ್ಕೆ ಅಯೋಡಿನ್ ದ್ರಾವಣ: ದಯವಿಟ್ಟು ಎಲ್ಲರೂ ಓದಿ

ಬೇಲೂರು, ಸಕಲೇಶಪುರ ಕಡೆಯ ಆಶಾ ಕಾರ್ಯಕರ್ತೆಯರೇ, ಶುಶ್ರೂಷಕಿಯರೇ,

ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಚರ್ಮದ ಮೇಲಷ್ಟೇ ಉಳಿಯುತ್ತದೆ ಎಂದುಕೊಳ್ಳಬೇಡಿ. ನವಜಾತ ಶಿಶುವಿನ, ಅದರಲ್ಲೂ ಅವಧಿಗೆ ಮೊದಲೇ ಹುಟ್ಟಿದ ಕೂಸಿನ ತೆಳು ಚರ್ಮ ಅದನ್ನು ಹೀರಿಕೊಳ್ಳುತ್ತದೆ. ಶೇ 10ರ ದ್ರಾವಣದ 1 ಮಿಲಿಲೀಟರ್‌ನಲ್ಲಿ ಸುಮಾರು 10 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಕೂಸಿಗೆ ದಿನಕ್ಕೆ ಬೇಕಾದದ್ದು ಸುಮಾರು 90 ಮೈಕ್ರೋಗ್ರಾಂ ಮಾತ್ರ. ಅತಿಯಾದ ಅಯೋಡಿನ್ ಕತ್ತಿನ ಥೈರಾಯ್ಡ್ ಗ್ರಂಥಿ ಹಾರ್ಮೋನ್ ತಯಾರಿಸುವುದನ್ನೇ ತಡೆಯುತ್ತದೆ. ದೊಡ್ಡವರ ಗ್ರಂಥಿ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಅವಧಿಪೂರ್ವ ಶಿಶುವಿನ ಗ್ರಂಥಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಮಿದುಳು ಬೆಳೆಯಲು ಈ ಹಾರ್ಮೋನ್ ಬೇಕೇ ಬೇಕು, ಆ ಹೊತ್ತಿನಲ್ಲಿ ಇದು ಸಣ್ಣ ಮಾತಲ್ಲ.

ಗಳಗಂಡ ಬಾರದಂತೆ ಅಯೋಡಿನ್ ಉಪ್ಪು ಬಳಸಿ ಎಂದು ಮನೆಮನೆಗೆ ಹೇಳುವವರು ನಾವೇ. ಅದು ಮುಂದುವರಿಯಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹೊಕ್ಕುಳಬಳ್ಳಿಗೆ ಈ ದ್ರಾವಣವೂ ಸೇರಿದಂತೆ ಏನನ್ನೂ ಹಚ್ಚದೆ ಒಣಗಲು ಬಿಡುವಂತೆ ಬಾಣಂತಿಯರಿಗೆ ಹೇಳಿ. ಮನೆಯ ಅಜ್ಜಿಯಂದಿರಿಗೆ ತಪ್ಪದೆ ಹೇಳಿ. ಶಸ್ತ್ರಚಿಕಿತ್ಸೆಗೆ ವೈದ್ಯರು ಇದನ್ನು ಬಳಸಿದರೆ ಯಾರೂ ಅಡ್ಡಿ ಮಾಡಬಾರದು, ಸೋಂಕಿನ ಅಪಾಯ ಚಿಕ್ಕದಲ್ಲ. ಆದರೆ ಮೈಯ ದೊಡ್ಡ ಭಾಗಕ್ಕೆ ಪದೇ ಪದೇ ಹಚ್ಚಿಸಿಕೊಂಡು ಮನೆಗೆ ಬಂದ ಕೂಸು ಮಂಕಾಗಿದ್ದರೆ, ಹಾಲು ಸರಿಯಾಗಿ ಕುಡಿಯದಿದ್ದರೆ, ಕಾಮಾಲೆ ಇಳಿಯದಿದ್ದರೆ, ಟಿಎಸ್‌ಎಚ್ (ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವ ರಕ್ತದ) ಪರೀಕ್ಷೆಯ ಬಗ್ಗೆ ಅದೇ ದಿನ ಮಕ್ಕಳ ವೈದ್ಯರನ್ನು ಕೇಳಿ.