ಈ ಸಲ ನಮ್ಮೂರ ರೊಟ್ಟಿಗೆ ಬೂಷ್ಟು ಬರಲಿಲ್ಲ

ಗವಿಸಿದ್ಧೇಶ್ವರ ಅಜ್ಜನ ಜಾತ್ರೆ ಮುಗಿದರೂ ನಮ್ಮ ಓಣಿಯ ಒಲೆಕಲ್ಲುಗಳು ಇನ್ನೂ ಹಾಗೇ ಇವೆ. ಬೂದಿನೂ ಬಳಿದಿಲ್ಲ. ಅದೆಲ್ಲ ಎತ್ತುವ ಮೊದಲು ಕೆಲವರ ಉಪಕಾರ ನೆನೆಯಬೇಕು. ಎದುರಿಗೆ ಹೇಳಿದರೆ "ಏ ಹೋಗಲೇ ತಮ್ಮ" ಅಂತ ಬಾಯಿ ಮುಚ್ಚಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೊಪ್ಪಳದ ಗವಿಮಠದ ಜಾತ್ರೆ ನೋಡದವರಿಗೆ ಎರಡು ಮಾತು. ಬನದ ಹುಣ್ಣಿಮೆ ಆಗಿ ಎರಡನೇ ದಿನಕ್ಕೆ ತೇರು. ಆಮೇಲೂ ದಿನಗಟ್ಟಲೆ ದಾಸೋಹ. ಅದಕ್ಕೆ ಬೇಕಾದ ಲಕ್ಷಗಟ್ಟಲೆ ಜೋಳದ ರೊಟ್ಟಿ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ ಬರುತ್ತದೆ. ಜೊತೆಗೆ ಮಾದಲಿ ಅನ್ನುವ ಸಿಹಿ, ಕಾಳುಕಡಿ, ಕಾಯಿಪಲ್ಯ, ಕಟ್ಟಿಗೆ. ಟಿವಿಯವರು ಮಿರ್ಚಿ ಭಜಿಯ ಕಡಾಯಿಯನ್ನೇ ಜಾಸ್ತಿ ತೋರಿಸುತ್ತಾರೆ, ಅದು ಬೇರೆ ಮಾತು. ನಮ್ಮೂರಿನ ಲೆಕ್ಕದಲ್ಲಿ ಜಾತ್ರೆ ಅಂದರೆ ರೊಟ್ಟಿ.

ಹೋದ ವರ್ಷ ಆ ರೊಟ್ಟಿಯನ್ನು ನಾನು ಹಾಳು ಮಾಡಿದೆ. ಸುಮ್ನೆ ಗಡಿಬಿಡಿ. ಬುಟ್ಟಿಗಳು ಜಾಗ ತಿನ್ನುತ್ತವೆ ಅಂತ ದೊಡ್ಡ ದೊಡ್ಡ ಪ್ಲಾಸ್ಟಿಕ್ ಚೀಲ ತಂದೆ. ಇನ್ನೂ ಪೂರ್ತಿ ಆರದ ರೊಟ್ಟಿಯನ್ನೇ ತುಂಬಿ ಬಾಯಿ ಕಟ್ಟಿದೆ. ನಾಲ್ಕು ದಿನ ಬಿಟ್ಟು ಮಠದ ಉಗ್ರಾಣದಲ್ಲಿ ಬಿಚ್ಚಿದರೆ ಹಸಿರು ಬೂಷ್ಟು. ಹದಿನೇಳು ಚೀಲ ವಾಪಸ್ ತಂದೆವು. ದನಕ್ಕೂ ಹಾಕುವ ಹಾಗಿರಲಿಲ್ಲ, ತಿಪ್ಪೆಗೆ ಹೋಯಿತು. ಹಗಲೂ ರಾತ್ರಿ ರೊಟ್ಟಿ ಬಡಿದಿದ್ದ ಹೆಣ್ಣುಮಕ್ಕಳ ಮುಖ ನೋಡಲಾಗದೆ ನಾನು ಎಂಟು ದಿನ ಕಟ್ಟೆ ಕಡೆ ಸುಳಿಯಲಿಲ್ಲ.

ಮೊದಲ ನಮಸ್ಕಾರ ಅಗಸಿ ಹತ್ತಿರದ ದೊಡ್ಡವ್ವನಿಗೆ. ಮನೆಗೇ ಬಂದಳು. ಬೈಯಲಿಲ್ಲ. "ರೊಟ್ಟಿಗೂ ಗಾಳಿ ಬೇಕಾಕ್ಕೈತಿ ತಮ್ಮಾ. ನಿನ್ ಚೀಲದಾಗ ಅದಕ್ಕ ಬೆವರು ಬಂತು" ಅಂದಳು. ಈ ಸಲ ಅವಳು ಹೇಳಿದ ಹಾಗೇ ಮಾಡಿದೆವು. ಬೆಂದ ರೊಟ್ಟಿಯನ್ನು ಮೊದಲು ಒಲೆಯ ಸುತ್ತ ಒರಗಿಸುವುದು. ಆಮೇಲೆ ಧೋತರದ ಮೇಲೆ ಹರವುವುದು. ಸಂಜೆ ತಂಪಿಗೆ ಮೊದಲು ಒಳಗೆ ತರುವುದು. ಮುರಿದಾಗ ಕಟಕ್ ಅಂದರೆ ಮಾತ್ರ ಬುಟ್ಟಿಗೆ.

ಎರಡನೆಯದಾಗಿ, ಜೋಳ ಬಿತ್ತಿದ ಆರು ಮನೆಯವರಿಗೆ. ಹಿರಿಯರು ಹೇಳುವ ಪ್ರಕಾರ ನಮ್ಮೂರು ರಾಯಚೂರು ಜಿಲ್ಲೆಯಲ್ಲಿದ್ದ ಕಾಲದಿಂದಲೂ ರೊಟ್ಟಿ ಕಳಿಸುತ್ತಿದೆ. ಕೊಪ್ಪಳ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಆಗ ಎರೆ ಹೊಲದ ತುಂಬ ಹಿಂಗಾರಿಗೆ ಬಿಳಿಜೋಳವೇ. ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ಇಟ್ಟ ಜೋಳ ತೆಗೆದರೆ ಓಣಿಗೆಲ್ಲ ವಾಸನೆ ಅಂತ ನಮ್ಮಜ್ಜ ಹೇಳುತ್ತಿದ್ದ. ನಿಜಾಮನ ಕಾಲದ ಸುದ್ದಿ ಬಂದರೂ ಅವನು ಕೊನೆಗೆ ಜೋಳದ ಹಗೇವಿಗೇ ಬಂದು ನಿಲ್ಲುತ್ತಿದ್ದ. ಈಗ ಎಲ್ಲಿ ನೋಡಿದರೂ ಮೆಕ್ಕೆಜೋಳ. ಅತ್ತ ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ನೀರಿಗೆ ಭತ್ತ. ಬಿಳಿಜೋಳ ಬೆಳೆದರೆ ಕೀಳಲು ಆಳು ಸಿಗುವುದಿಲ್ಲ, ರೇಟೂ ನಂಬುವ ಹಾಗಿಲ್ಲ. ಹಾಗಾಗಿ ಅಜ್ಜನ ಜಾತ್ರೆಗೆ ನಾವು ಪೇಟೆಯಿಂದ ಜೋಳ ಕೊಂಡು ತಂದು ರೊಟ್ಟಿ ಮಾಡುತ್ತಿದ್ದೆವು! ಇದನ್ನು ಹೊರಗೆ ಯಾರೂ ಹೇಳುತ್ತಿರಲಿಲ್ಲ.

ಆ ಆರು ಮನೆಯವರು ಹೋದ ಜಾತ್ರೆಗೂ ಮೊದಲೇ ತಲಾ ಒಂದೆಕರೆ ಬಿತ್ತಿದ್ದರು. ಜಾತ್ರೆಯ ಹೊತ್ತಿಗೆ ತೆನೆ ಹಾಲುಗಾಳು. ನಾಲ್ಕೂ ಕಡೆ ಮೆಕ್ಕೆಜೋಳ ಕೊಯ್ದು ಬಯಲಾಗಿತ್ತು. ಸೀಮೆಯ ಗುಬ್ಬಿ, ಗಿಳಿಯೆಲ್ಲ ಆ ಆರೆಕರೆಗೇ ಬಂದು ಇಳಿದವು. ಊರೆಲ್ಲ ಜೋಳ ಇದ್ದಾಗ ಹಕ್ಕಿ ತಿಂದದ್ದು ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ? ಆಗ ಕಾದವರು ನಮ್ಮ ಸಾಲಿ ಹುಡುಗರು. ಬೆಳಿಗ್ಗೆ ಸಾಲಿಗೆ ಮೊದಲು, ಸಂಜೆ ಸಾಲಿ ಬಿಟ್ಟ ಮೇಲೆ ಕವಣೆ ಬೀಸಿದರು, ತಟ್ಟೆ ಬಡಿದರು. ಕೂಲಿ ಅಂತ ಅವರು ಕೇಳಿದ್ದು ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು ಮಾತ್ರ. ತಿಂದಿದ್ದೂ ಕಡಿಮೆಯೇನಲ್ಲ. ಆದರೂ ಹುಡುಗರೇ, ನಿಮ್ಮಿಂದಲೇ ಈ ಸಲದ ರೊಟ್ಟಿಗೆ ಜೋಳದ ರಾಶಿ ಆಯಿತು.

ಗಿರಣಿ ಕಾಕಾನಿಗೆ ಶರಣು. ಜೋಳದ ಹಿಟ್ಟು ಹಳೇದಾದರೆ ಜಿಗಿ ಹೋಗಿ ರೊಟ್ಟಿಯ ಅಂಚು ಸೀಳುತ್ತದೆ. ಅದಕ್ಕೆ ಆರು ಕ್ವಿಂಟಲ್ ಜೋಳವನ್ನು ಒಂದೇ ದಿನ ಬೀಸುವ ಹಾಗಿಲ್ಲ. ಕರೆಂಟು ಬಂದಾಗ, ಅದು ನಡುರಾತ್ರಿಯೇ ಆಗಲಿ, ಎದ್ದು ಮರುದಿನಕ್ಕೆ ಬೇಕಾದಷ್ಟೇ ಬೀಸಿಕೊಟ್ಟರು. ಟ್ರ್ಯಾಕ್ಟರ್ ಕೊಟ್ಟವರಿಗೆ, ಕಟ್ಟಿಗೆ ಒಡೆದವರಿಗೆ, ಡೊಳ್ಳಿನ ತಂಡಕ್ಕೆ ಕೂಡ ಶರಣು.

ಕಾಲುವೆ ಸೀಮೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದ ಒಬ್ಬ ತಂಗಿಯನ್ನು ಮರೆಯಬಾರದು. ತವರಲ್ಲಿ ಅನ್ನವೇ ಜಾಸ್ತಿ, ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಮೊದಲ ದಿನ ಅವಳ ರೊಟ್ಟಿ ನೋಡಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಕುದಿಯುವ ಎಸರಲ್ಲಿ ಹಿಟ್ಟು ನಾದುವಾಗ ಬೆರಳು ಸುಟ್ಟುಕೊಂಡಳು. ಆದರೂ ಬಿಡಲಿಲ್ಲ. ಕೊನೇ ದಿನ ಅವಳ ರೊಟ್ಟಿ ದೊಡ್ಡವ್ವನ ರೊಟ್ಟಿಯ ಮೇಲಿಟ್ಟರೆ ಒಂದೇ ಅಳತೆ. ತಂಗೀ, ನಕ್ಕಿದ್ದಕ್ಕೆ ಕ್ಷಮಿಸು.

ಒಟ್ಟು ಎಂಟು ಸಾವಿರದ ಮೇಲೆ ರೊಟ್ಟಿ ಆದವು. ಉಗ್ರಾಣದಲ್ಲಿ ಹೋದ ವರ್ಷ ಇದ್ದ ಸೇವಾದಾರರೇ ಈ ಸಲವೂ ಇದ್ದರು. ನನ್ನ ಗುರುತು ಹಿಡಿದರು. ಏನೂ ಮಾತಾಡದೆ ಬುಟ್ಟಿಯ ತಳಕ್ಕೆ ಕೈ ಹಾಕಿ ಒಂದು ರೊಟ್ಟಿ ಎಳೆದು ಮುರಿದರು. ಕಟಕ್ ಅಂತು. ಅರ್ಧ ಬಾಯಿಗೆ ಹಾಕಿಕೊಂಡರು, ಅರ್ಧ ನನ್ನ ಕೈಗಿಟ್ಟರು. ಅವರಿಗೂ ಶರಣು.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಯಾರವೋ ಎರಡು ಹಂಚು, ಒಂದು ಹಿತ್ತಾಳೆ ಪರಾತ ಉಳಿದಿವೆ. ಪರಾತದ ತಳದಲ್ಲಿ ಹೆಸರು ಹಾಕಿಸಿದ್ದಾರೆ, ಅಳಿಸಿ ಹೋಗಿದೆ, ಓದಲು ಬರುತ್ತಿಲ್ಲ. ಯಾರವು ನೋಡಿ ಒಯ್ಯಿರಿ.