ಸೈಕಲ್ ಸವಾರರಿಗೆ ಹೆಲ್ಮೆಟ್ ಬೇಕು, ದಂಡದ ರಶೀದಿ ಬೇಡ

ಮಾನ್ಯ ಸಂಪಾದಕರೇ,

ಬೈಕ್ ಸವಾರರಂತೆ ಸೈಕಲ್ ತುಳಿಯುವವರಿಗೂ ಹೆಲ್ಮೆಟ್ ಕಡ್ಡಾಯ ಮಾಡಬೇಕು, ಹಾಕದವರಿಗೆ ದಂಡ ಹಾಕಬೇಕು ಎಂಬ ಮಾತು ನಮ್ಮ ಕಡೆ ಆಗಾಗ ಕೇಳುತ್ತಿದೆ. ಶಾಲೆಯ ಪಿಟಿಎ ಸಭೆಯಲ್ಲೂ ಅದೇ ಚರ್ಚೆ, ಚಹಾದಂಗಡಿಯಲ್ಲೂ ಅದೇ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡವನು. ರಿಪೇರಿ ಮಾಡುತ್ತೇನೆ, ಹೊಸತು ಹಳತು ಎರಡೂ ಮಾರುತ್ತೇನೆ, ಹೆಲ್ಮೆಟ್ ಕೂಡ ಇಟ್ಟಿದ್ದೇನೆ. ಕಡ್ಡಾಯವಾದರೆ ವ್ಯಾಪಾರ ಕುದುರುವುದು ನನಗೇ. ಹಾಗಿದ್ದೂ ಇಂಥ ಕಾನೂನು ಬೇಡವೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಸೈಕಲ್ ಹತ್ತುವ ಪ್ರತಿಯೊಂದು ಮಗುವಿನ ತಲೆಯ ಮೇಲೂ ಹೆಲ್ಮೆಟ್ ಇರಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ದಂಡ ಹಾಕಿ ಅದನ್ನು ಸಾಧಿಸಲು ಹೊರಟರೆ ಮಕ್ಕಳು ಹೆಲ್ಮೆಟ್ ಹಾಕುವ ಬದಲು ಸೈಕಲ್ಲನ್ನೇ ಬಿಟ್ಟುಬಿಡುತ್ತಾರೆ.

ಹೆಲ್ಮೆಟ್‌ನಿಂದ ಏನೂ ಆಗುವುದಿಲ್ಲ ಎನ್ನುವವರ ವಾದವನ್ನು ಮೊದಲು ಪಕ್ಕಕ್ಕಿಡೋಣ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ಗಾಯಗೊಂಡ 64 ಸಾವಿರಕ್ಕೂ ಹೆಚ್ಚು ಸೈಕಲ್ ಸವಾರರ ವಿವರ ನೋಡಿ, 2016ರಲ್ಲಿ ವರದಿ ಮಾಡಿದ್ದರು. ಹೆಲ್ಮೆಟ್ ಹಾಕಿದ್ದವರಲ್ಲಿ ತಲೆಗೆ ಗಂಭೀರ ಪೆಟ್ಟಾಗುವ ಸಂಭವ ಸುಮಾರು ಶೇಕಡಾ 69ರಷ್ಟು ಕಡಿಮೆ. ಇದು ಸಣ್ಣ ಸಂಗತಿ ಅಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಇಳಿಜಾರುಗಳನ್ನು ಬಲ್ಲವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಒಂದು ಮಳೆ ಬಂದರೆ ಸಾಕು, ಗುಡ್ಡದ ಮಣ್ಣು, ಜಲ್ಲಿ ಎಲ್ಲ ತಿರುವಿನಲ್ಲಿ ಬಂದು ಕೂರುತ್ತದೆ. ಬ್ರೇಕ್ ಹಿಡಿದ ಕೂಡಲೇ ಮುಂದಿನ ಚಕ್ರ ಜಾರುತ್ತದೆ. ಅಲ್ಲಿ ತಲೆ ಉಳಿಸುವುದು ಹೆಲ್ಮೆಟ್ಟೇ.

ಆದರೆ ಅದು ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು ಎಂಬುದು ತಿಳಿದಿರಬೇಕು. ಸೈಕಲ್ ಹೆಲ್ಮೆಟ್ಟಿನ ಒಳಗೆ ಇರುವುದು ಗಟ್ಟಿ ಥರ್ಮಾಕೋಲ್. ಬಿದ್ದಾಗ ಅದು ಅಪ್ಪಚ್ಚಿಯಾಗಿ ಪೆಟ್ಟನ್ನು ತಾನು ತಿನ್ನುತ್ತದೆ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಯುರೋಪಿನ ಇಎನ್ 1078 ಎಂಬ ಮಾನದಂಡದಲ್ಲಿ ಇದನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿ ಪರೀಕ್ಷಿಸುತ್ತಾರೆ. ನೆಲ ಮುಟ್ಟುವಾಗ ವೇಗ ಗಂಟೆಗೆ 20 ಕಿ.ಮೀ. ಹತ್ತಿರ ಇರುತ್ತದೆ. ಸೈಕಲ್ ಮೇಲಿಂದ ಬಿದ್ದರೆ ತಲೆಗೆ ಆಗುವ ಪೆಟ್ಟು ಹೆಚ್ಚುಕಡಿಮೆ ಅಷ್ಟೇ. 60 ಕಿ.ಮೀ. ವೇಗದಲ್ಲಿ ಬರುವ ಟಿಪ್ಪರ್ ಗುದ್ದಿದರೆ? ವೇಗ ಮೂರು ಪಟ್ಟಾದರೆ ಪೆಟ್ಟಿನ ಶಕ್ತಿ ಒಂಬತ್ತು ಪಟ್ಟಾಗುತ್ತದೆ. ಅದನ್ನು ತಡೆಯಲು ಹೆಲ್ಮೆಟ್ ಮಾಡಿದ್ದೇ ಅಲ್ಲ.

ಇನ್ನು, ಹಾಕಿದ್ದೂ ಹಾಕದ ಹಾಗೆ ಇರುವ ಹೆಲ್ಮೆಟ್‌ಗಳೇ ನಮ್ಮಲ್ಲಿ ಹೆಚ್ಚು. ಅಂಗಡಿಗೆ ಬರುವ ಮಕ್ಕಳನ್ನು ನೋಡುತ್ತೇನೆ. ಹಿಂದಕ್ಕೆ ಜಾರಿಸಿ ಹಣೆ ಪೂರ್ತಿ ಬಿಟ್ಟುಕೊಂಡಿರುತ್ತಾರೆ, ಗಲ್ಲದ ಪಟ್ಟಿ ಜೋತಾಡುತ್ತಿರುತ್ತದೆ. ಮುಂದಿನ ವರ್ಷಕ್ಕೂ ಆಗಲಿ ಎಂದು ಅಪ್ಪ ಒಂದು ಸೈಜು ದೊಡ್ಡದು ತಂದಿರುತ್ತಾರೆ. ಶರ್ಟು, ಚಪ್ಪಲಿ ಹಾಗೆ ತಂದರೆ ನಡೆದೀತು, ಇದು ನಡೆಯದು. ಹುಬ್ಬಿನಿಂದ ಎರಡು ಬೆರಳು ಮೇಲೆ ಹೆಲ್ಮೆಟ್ಟಿನ ಅಂಚು ಬರಬೇಕು. ಎರಡೂ ಬದಿಯಲ್ಲಿ ಮುಂದಿನ, ಹಿಂದಿನ ಪಟ್ಟಿ ಕಿವಿಯ ಕೆಳಗೆ ಸೇರಬೇಕು. ಗಲ್ಲದಡಿ ಒಂದೆರಡು ಬೆರಳು ಮಾತ್ರ ಹಿಡಿಸುವಷ್ಟು ಬಿಗಿ ಇರಬೇಕು. ಕೊನೆಗೆ ಮಗುವಿಗೆ ತಲೆ ಜೋರಾಗಿ ಅಲ್ಲಾಡಿಸಲು ಹೇಳಬೇಕು, ಹೆಲ್ಮೆಟ್ ಕದಲಬಾರದು. ಹೇಳಿಕೊಟ್ಟು ಮಾಡಿಸಿದರೆ ಐದು ನಿಮಿಷದ ಕೆಲಸ. ಪೊಲೀಸರಿಗೆ ಹೆದರಿ ಹಾಕಿಕೊಂಡ ಮಗು ಪಟ್ಟಿ ಬಿಗಿಯುವುದಿಲ್ಲ. ಪೇಟೆ ದಾಟಿದ ಕೂಡಲೇ ತೆಗೆದು ಹ್ಯಾಂಡಲಿಗೆ ನೇತುಹಾಕುತ್ತದೆ.

ಕಾನೂನಿನ ಲೆಕ್ಕದಲ್ಲಿ ನೋಡಿದರೂ ತೊಡಕೇ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೇಳುವುದು ಮೋಟಾರ್ ಸೈಕಲ್‌ನಲ್ಲಿ ಹೋಗುವವರ ಬಗ್ಗೆ. ಪೆಡಲ್ ತುಳಿಯುವ ಸೈಕಲ್ ಮೋಟಾರು ವಾಹನವೇ ಅಲ್ಲ. ಅದಕ್ಕೆ ನಂಬರ್ ಪ್ಲೇಟ್ ಇಲ್ಲ, ಸವಾರನಿಗೆ ಲೈಸೆನ್ಸ್ ಇಲ್ಲ. 2023ರ ಜೂನ್‌ನಿಂದ ಕೇರಳದ ರಸ್ತೆಗಳಲ್ಲಿ ಎಐ ಕ್ಯಾಮರಾಗಳು ದಂಡ ಹಾಕುತ್ತಿವೆ. ಅವು ಸೈಕಲಿನ ಯಾವ ನಂಬರ್ ಓದುತ್ತವೆ? ಕೊನೆಗೆ ಮಾರ್ಗದ ಬದಿಯಲ್ಲಿ ನಿಂತ ಪೊಲೀಸರು ಏಳನೇ ಕ್ಲಾಸಿನ ಹುಡುಗನನ್ನೋ ಹುಡುಗಿಯನ್ನೋ ಕೈ ಮಾಡಿ ನಿಲ್ಲಿಸಬೇಕು. ಅವರ ಜೇಬಿನಲ್ಲಿ ದುಡ್ಡು ಎಲ್ಲಿರುತ್ತದೆ? ಸೈಕಲ್ ಠಾಣೆಗೆ ಹೋಗುತ್ತದೆ, ಮಗು ನಡೆದು ಮನೆಗೆ ಹೋಗುತ್ತದೆ. ಮರುದಿನದಿಂದ ಆ ಮನೆಯವರು ಸೈಕಲ್ ಮೂಲೆಗೆ ಹಾಕಿ ಆಟೋ ಗೊತ್ತು ಮಾಡುತ್ತಾರೆ.

ದೊಡ್ಡವರಲ್ಲೂ ಈಗ ಸೈಕಲ್ ತುಳಿಯುವವರು ಯಾರು? ಬೆಳಗಿನ ಜಾವ ಪೇಪರ್ ಹಾಕುವವರು. ಬೈಕ್ ಕೊಳ್ಳಲು ಕೈಲಾಗದ ಮುದುಕರು. ಬಂಗಾಳ, ಬಿಹಾರ, ಅಸ್ಸಾಮಿನಿಂದ ಬಂದು ಕಟ್ಟಡದ ಕೆಲಸ, ತೋಟದ ಕೆಲಸ ಮಾಡುವವರು. ಇವರು ನನ್ನಲ್ಲಿ ಕೇಳುವುದು ಸೆಕೆಂಡ್‌ಹ್ಯಾಂಡ್ ಸೈಕಲ್. ಅದರಲ್ಲೂ ಚೌಕಾಸಿ ಮಾಡದೆ ಅವರಿಗೆ ಗತ್ಯಂತರವಿಲ್ಲ. ಒಳ್ಳೆಯ ಹೆಲ್ಮೆಟ್ ಬೇಕೆಂದರೆ ಸಾವಿರ ರೂಪಾಯಿಯ ಆಸುಪಾಸು. ಕಡ್ಡಾಯ ಮಾಡಿದರೆ ತೆಳು ಪ್ಲಾಸ್ಟಿಕ್ಕಿನೊಳಗೆ ಸ್ಪಂಜು ಅಂಟಿಸಿದ್ದು ಮಾರ್ಗದ ಬದಿಯಲ್ಲಿ ರಾಶಿ ಬೀಳುತ್ತದೆ. ಬೈಕ್ ಹೆಲ್ಮೆಟ್ಟಿನಲ್ಲಿ ಅದನ್ನೇ ಕಂಡಿದ್ದೇವಲ್ಲ. ಈ ಕಾರ್ಮಿಕರಿಗೆ ತುರ್ತಾಗಿ ಬೇಕಾದ್ದು ಬೇರೆ ಇದೆ. ಕತ್ತಲಾದ ಮೇಲೆ ಕೆಲಸದಿಂದ ಬರುತ್ತಾರೆ. ಹಿಂದಿನ ಮಡ್‌ಗಾರ್ಡಿನ ಕೆಂಪು ರಿಫ್ಲೆಕ್ಟರ್ ಎಂದೋ ಉದುರಿಹೋಗಿರುತ್ತದೆ, ಬ್ರೇಕ್ ರಬ್ಬರ್ ಸವೆದು ಕಬ್ಬಿಣ ರಿಮ್ಮಿಗೆ ತಾಗುತ್ತಿರುತ್ತದೆ. ಹಿಂದಿನಿಂದ ಬರುವ ಕಾರಿನವನಿಗೆ ಇವರು ಕಾಣುವುದೇ ಇಲ್ಲ. ಅಗ್ಗದ ರಿಫ್ಲೆಕ್ಟರ್ ಒಂದು, ಕೆಂಪು ಮಿಣುಕು ದೀಪ ಒಂದು ಹಾಕಿಸಿಕೊಂಡರೆ ಡಿಕ್ಕಿಯೇ ತಪ್ಪಬಹುದು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ ಎಂಬುದು ನನ್ನ ಸಂಕಟ.

ಬೇರೆ ದೇಶದವರು ಇದನ್ನು ಮಾಡಿ ನೋಡಿದ್ದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರ ಜುಲೈಯಲ್ಲಿ ಸೈಕಲ್ ಹೆಲ್ಮೆಟ್ ಕಡ್ಡಾಯ ಮಾಡಿತು. ಒಂದೇ ವರ್ಷದಲ್ಲಿ ಹೆಲ್ಮೆಟ್ ಹಾಕುವವರ ಪ್ರಮಾಣ ಶೇಕಡಾ 31ರಿಂದ 75ಕ್ಕೆ ಏರಿತು, ತಲೆಯ ಗಾಯಗಳೂ ಇಳಿದವು. ಆದರೆ ಮೆಲ್ಬರ್ನ್‌ನಲ್ಲಿ ಎಣಿಸಿ ನೋಡಿದಾಗ ಸೈಕಲ್ ತುಳಿಯುವ ಹದಿಹರೆಯದವರ ಸಂಖ್ಯೆ ಶೇಕಡಾ 40ಕ್ಕೂ ಹೆಚ್ಚು ಕಡಿಮೆಯಾಗಿತ್ತು. ಜಪಾನಿನವರು ಹಿಡಿದ ದಾರಿ ಬೇರೆ. 2023ರ ಏಪ್ರಿಲ್ 1ರಿಂದ ಎಲ್ಲ ವಯಸ್ಸಿನ ಸೈಕಲ್ ಸವಾರರೂ ಹೆಲ್ಮೆಟ್ ಹಾಕಲು ಪ್ರಯತ್ನಿಸಬೇಕು ಎಂದು ಅಲ್ಲಿ ಕಾನೂನಿನಲ್ಲೇ ಬರೆದಿದ್ದಾರೆ, ದಂಡ ಮಾತ್ರ ಇಟ್ಟಿಲ್ಲ. ಹೆಲ್ಮೆಟ್ ಕೊಳ್ಳುವವರಿಗೆ ಅನೇಕ ಊರುಗಳ ಸ್ಥಳೀಯಾಡಳಿತ ಸಹಾಯಧನ ಕೊಡುತ್ತದೆ. ನಮಗೆ ಹೊಂದುವುದು ಇದು. ನಮ್ಮ ಪಂಚಾಯತುಗಳು ಯೋಜನಾ ನಿಧಿಯಿಂದ ಮಕ್ಕಳಿಗೆ ಓದುವ ಮೇಜು ಕುರ್ಚಿ, ಲ್ಯಾಪ್‌ಟಾಪ್ ಕೊಡುತ್ತವೆ. ಸೈಕಲಿನಲ್ಲಿ ಶಾಲೆಗೆ ಬರುವ ಮಕ್ಕಳಿಗೆ ಅದೇ ನಿಧಿಯಿಂದ ಅಳತೆ ತೆಗೆದು ಒಳ್ಳೆಯ ಹೆಲ್ಮೆಟ್ ಕೊಡಲು ಏನು ಅಡ್ಡಿ?

ಇಷ್ಟೆಲ್ಲ ಮಾಡಿದರೂ ಹೆದ್ದಾರಿಯನ್ನು ಹೀಗೇ ಬಿಟ್ಟರೆ ಪ್ರಯೋಜನ ಕಡಿಮೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66 ಈಗ ಆರು ಪಥದ್ದು. ಮಂಗಳೂರಿಗೆ ಹೋಗುವ ಕಾರು, ಲಾರಿಗಳಿಗೆ ಅನುಕೂಲವಾಗಿದೆ, ಅಲ್ಲಗಳೆಯುವುದಿಲ್ಲ. ಸೈಕಲಿನವನ ಪಾಲಿಗೆ ಉಳಿದದ್ದು ಸರ್ವೀಸ್ ರಸ್ತೆ. ಅಲ್ಲೇ ಬಸ್ಸು, ಅಲ್ಲೇ ಆಟೋ, ಎದುರಿನಿಂದ ನುಗ್ಗುವ ಬೈಕು, ಅಂಗಡಿಯೆದುರು ನಿಲ್ಲಿಸಿದ ಕಾರು. ಬದಿಗೆ ಸರಿಯೋಣವೆಂದರೆ ಚರಂಡಿಯ ಸ್ಲ್ಯಾಬು. ಎರಡು ಸ್ಲ್ಯಾಬಿನ ನಡುವಿನ ಸಂದಿಯಲ್ಲಿ ಸಣ್ಣ ಟಯರ್ ಸಿಕ್ಕಿಬಿದ್ದರೆ ಸವಾರ ನೇರ ಮುಂದಕ್ಕೆ ಬೀಳುತ್ತಾನೆ. ಹಾಗೆ ಬಾಗಿದ ರಿಮ್ಮು, ತಿರುಚಿದ ಫೋರ್ಕು ನನ್ನ ಅಂಗಡಿಗೆ ಬರುತ್ತಲೇ ಇವೆ. ಪೆಟ್ಟಾದ ಮಗುವಿನ ಅಪ್ಪ ಸೈಕಲ್ ತಂದು ನಿಲ್ಲಿಸಿ, 'ಬೆಂಡು ತೆಗೆಯಿರಿ, ಆದರೆ ಇನ್ನು ಅವನನ್ನು ಮಾರ್ಗಕ್ಕೆ ಬಿಡುವುದಿಲ್ಲ' ಎನ್ನುವಾಗ ನನಗೆ ಉತ್ತರ ತೋಚುವುದಿಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ 1971ರಲ್ಲಿ ರಸ್ತೆ ಅಪಘಾತಗಳಿಗೆ ಮೂರು ಸಾವಿರಕ್ಕೂ ಹೆಚ್ಚು ಜನ ಬಲಿಯಾಗಿದ್ದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳನ್ನು ಕೊಲ್ಲುವುದು ನಿಲ್ಲಿಸಿ ಎಂದು ತಂದೆತಾಯಿಯರು ಬೀದಿಗಿಳಿದರು. ಮುಂದಿನ ವರ್ಷಗಳಲ್ಲಿ ಸರಕಾರ ಸೈಕಲಿಗೆ ಬೇರೆ ದಾರಿ ಮಾಡಿತು, ಮನೆಗಳಿರುವ ಬೀದಿಗಳಲ್ಲಿ ವಾಹನದ ವೇಗ 30 ಕಿ.ಮೀ.ಗೆ ಇಳಿಸಿತು. ಇವತ್ತು ಅಲ್ಲಿ ಬಹುಪಾಲು ಸವಾರರು ಹೆಲ್ಮೆಟ್ ಹಾಕುವುದಿಲ್ಲ, ಆದರೂ ಸೈಕಲ್ ತುಳಿಯಲು ಅದಕ್ಕಿಂತ ಸುರಕ್ಷಿತವಾದ ದೇಶಗಳು ಕಡಿಮೆ.

ಆದ್ದರಿಂದ ಜಿಲ್ಲಾಡಳಿತ ಮತ್ತು ಹೆದ್ದಾರಿಯ ಅಧಿಕಾರಿಗಳಲ್ಲಿ ನನ್ನ ವಿನಂತಿ: ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಹೊಸಂಗಡಿ, ಉಪ್ಪಳ, ಕುಂಬಳೆ, ಮೊಗ್ರಾಲ್ ಪುತ್ತೂರಿನ ಸರ್ವೀಸ್ ರಸ್ತೆಗಳಲ್ಲಿ ಒಮ್ಮೆ ಸೈಕಲ್ ತುಳಿದು ನೋಡಿ. ಸ್ಲ್ಯಾಬಿನ ಸಂದಿಗಳನ್ನು ಮುಚ್ಚಿಸಿ. ಶಾಲೆಗಳ ಹತ್ತಿರ ವೇಗ 30ಕ್ಕೆ ಇಳಿಸಿ, ಆ ಫಲಕಗಳು ಕನ್ನಡದಲ್ಲೂ ಇರಲಿ. ಅಂಡರ್‌ಪಾಸುಗಳಲ್ಲಿ ನೀರು ನಿಲ್ಲದಂತೆ ಮಾಡಿ, ದೀಪ ಹಾಕಿಸಿ. ಹೆಲ್ಮೆಟ್ಟಿನ ವಿಷಯ ಶಾಲೆ, ಪಂಚಾಯತು ಮತ್ತು ನಮ್ಮಂಥ ಅಂಗಡಿಯವರಿಗೆ ಬಿಡಿ. ಯಾವ ಶಾಲೆಯವರು ಕರೆದರೂ ನಾನು ಬಂದು ಮಕ್ಕಳ ಹೆಲ್ಮೆಟ್ ಪಟ್ಟಿ, ಬ್ರೇಕು ನೋಡಿಕೊಡುತ್ತೇನೆ. ಅದಕ್ಕೆ ದುಡ್ಡು ಬೇಡ.

ಇತಿ,
ಸೈಕಲ್ ಅಂಗಡಿಯವ
ಕುಂಬಳೆ, ಕಾಸರಗೋಡು ಜಿಲ್ಲೆ