ಹಾವಿನ ವಿಷಕ್ಕೆ ಮಾತ್ರೆ: ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಎಲ್ಲರಿಗೂ ಧನ್ಯವಾದ

ಹೋದ ವಾರ ನಮ್ಮ ಗುಂಪಿಗೆ ಒಳ್ಳೆಯ ಸುದ್ದಿ ಬಂತು. ಹಾವಿನ ವಿಷಕ್ಕೆ ಮಾತ್ರೆ ರೂಪದ ಮದ್ದು ಹುಡುಕುವ ಕೆಲಸಕ್ಕೆ ಮುಂದಿನ ಹಂತದ ಹಣ ಮಂಜೂರಾಗಿದೆ. ಇನ್ನು ಪ್ರಾಣಿಗಳಲ್ಲಿ ಸುರಕ್ಷತೆಯ ಪರೀಕ್ಷೆ ಶುರುಮಾಡಬಹುದು. ಮದ್ದು ಸಿಕ್ಕೇಬಿಟ್ಟಿತು ಅಂತ ದಯವಿಟ್ಟು ಯಾರೂ ತಿಳಿಯಬೇಡಿ. ಅದಕ್ಕೆ ವರ್ಷಗಳು ಬೇಕು, ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಆದರೂ ನನಗೆ ಆದ ಸಂತೋಷ ಸಣ್ಣದಲ್ಲ. ವಿಶ್ವವಿದ್ಯಾಲಯದ ಲ್ಯಾಬುಗಳಲ್ಲಿ ಕಂಡುಕೊಂಡ ಎಷ್ಟೋ ಸಂಗತಿಗಳು ಈ ಜಾಗಕ್ಕೆ ಬಂದೇ ನಿಂತುಹೋಗುತ್ತವೆ. ನಾವು ಇಲ್ಲಿ ನಿಲ್ಲದೆ ಮುಂದೆ ಹೋಗಿದ್ದರೆ ಅದಕ್ಕೆ ಕಾಸರಗೋಡಿನ ಜನ ಕಾರಣ. ಅದನ್ನು ಎಲ್ಲರೆದುರು ಹೇಳಬೇಕು ಅನ್ನಿಸಿತು.

ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆಯವಳು. ಊರಿನ ಕನ್ನಡ ಶಾಲೆಯಲ್ಲಿ ಕಲಿತೆ, ಆಮೇಲೆ ಫಾರ್ಮಸಿ ಓದಿದೆ. ಈಗ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಲ್ಯಾಬಿಗೂ ಆಸ್ಪತ್ರೆಗೂ ನಡುವಿನ ಕೆಲಸ ನೋಡಿಕೊಳ್ಳುತ್ತೇನೆ. ಇದು ಎಂತ ಕೆಲಸ ಅಂತ ಮನೆಯವರೂ ಕೇಳುತ್ತಾರೆ. ಒಬ್ಬ ಸಂಶೋಧಕಿ ಟೆಸ್ಟ್‌ಟ್ಯೂಬಿನಲ್ಲಿ ಒಂದು ಅಣು ವಿಷದ ಕಿಣ್ವವನ್ನು, ಅಂದರೆ ಮೈಗೆ ಹಾನಿ ಮಾಡುವ ಪ್ರೋಟೀನನ್ನು, ತಡೆಯುವುದನ್ನು ನೋಡುತ್ತಾಳೆ ಅಂತಿಟ್ಟುಕೊಳ್ಳಿ. ಸಂಶೋಧನಾ ಪೇಪರ್ ಬರೆಯುತ್ತಾಳೆ, ಪಿಎಚ್‌ಡಿ ಸಿಗುತ್ತದೆ. ಅಲ್ಲಿಂದ ಮುಂದಿನ ಕೆಲಸವೇ ಬೇರೆ. ಪೇಪರ್ ಹೊರಬರುವ ಮೊದಲೇ ಪೇಟೆಂಟ್ ಅರ್ಜಿ ಹೋಗಿರಬೇಕು. ಮಿಲಿಗ್ರಾಂ ಲೆಕ್ಕದಲ್ಲಿ ಮಾಡಿದ್ದನ್ನು ಅದೇ ಶುದ್ಧತೆಯಲ್ಲಿ ಕಿಲೋಗಟ್ಟಲೆ ಮಾಡಲು ಬರಬೇಕು. ಮಾನ್ಯತೆ ಇರುವ ಲ್ಯಾಬಿನಲ್ಲಿ ವಿಷಕಾರಿತನದ ಪರೀಕ್ಷೆ ಆಗಬೇಕು. ಆಮೇಲೆ ಎಥಿಕ್ಸ್ ಕಮಿಟಿ, ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಇದರಲ್ಲಿ ಯಾವುದಕ್ಕೂ ಪಿಎಚ್‌ಡಿ ಕೊಡುವುದಿಲ್ಲ. ಮೂಲ ಸಂಶೋಧನೆಗೆ ಬಂದ ಹಣ ಅಷ್ಟರಲ್ಲಿ ಮುಗಿದಿರುತ್ತದೆ. ಕಂಪನಿಗಳನ್ನು ಕೇಳಿದರೆ, ಮನುಷ್ಯರಲ್ಲಿ ಪರೀಕ್ಷೆ ಮಾಡಿ ಬನ್ನಿ ಅನ್ನುತ್ತವೆ. ಈ ಕ್ಷೇತ್ರದವರು ಇದನ್ನು ಸಾವಿನ ಕಣಿವೆ ಅಂತಲೇ ಕರೆಯುತ್ತಾರೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೇರಿಯಾ ಮೋಕ್ಲಿ-ರೋಸೆನ್ ಎಂಬ ವಿಜ್ಞಾನಿ 2006ರಲ್ಲಿ ಇದಕ್ಕೊಂದು ದಾರಿ ಮಾಡಿದರು. ಸ್ಪಾರ್ಕ್ ಅಂತ ಅದರ ಹೆಸರು. ಔಷಧ ಕಂಪನಿಗಳಲ್ಲಿ ಪಳಗಿದವರು ಸಂಬಳವಿಲ್ಲದೆ ಬಂದು ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಕೂತು ದಾರಿ ಹೇಳುತ್ತಾರೆ. ಅಲ್ಲಿ ಕೆಲಸ ಶುರುವಾಗುವುದು ಕೊನೆಯಿಂದ. ಈ ಮದ್ದನ್ನು ಯಾರಿಗೆ ಕೊಡುತ್ತೀರಿ, ಎಲ್ಲಿ, ಎಷ್ಟು ಹೊತ್ತಿನೊಳಗೆ, ಹೇಗೆ ಇಡುತ್ತೀರಿ, ಬೆಲೆ ಎಷ್ಟು? ಇಷ್ಟನ್ನು ಮೊದಲೇ ಬರೆದಿಡಬೇಕು. ನಾವೂ ಹಾಗೇ ಮಾಡಿದೆವು. ನಮ್ಮ ಆ ಹಾಳೆಯನ್ನು ತುಂಬಿಸಿಕೊಟ್ಟದ್ದು ನೀವು.

ಯಾಕೆ ಕಾಸರಗೋಡು ಅಂತ ಹೊರಗಿನವರು ಕೇಳುತ್ತಾರೆ. ಭಾರತದಲ್ಲಿ ಈಗ ಸಿಗುವ ಪ್ರತಿವಿಷ, ಅಂದರೆ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್, ನಾಲ್ಕು ಹಾವುಗಳಿಗೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮ ತೋಟಗಳಲ್ಲಿ, ತರಗೆಲೆಯ ಅಡಿಯಲ್ಲಿ ಐದನೆಯದೊಂದು ಇದೆ, ಗೂನುಮೂಗಿನ ಗುಳಿಮಂಡಲ. ಒಂದು ಮೊಳದಷ್ಟು ಉದ್ದ, ತರಗೆಲೆಯದೇ ಬಣ್ಣ. ಇದರಿಂದ ದೊಡ್ಡ ಅಪಾಯವಿಲ್ಲ ಅಂತ ಬಹಳ ಕಾಲ ಅಂದುಕೊಂಡಿದ್ದರು. ಕೇರಳದ ವೈದ್ಯರೇ 2007ರಲ್ಲಿ, ಹಾವನ್ನು ಖಚಿತವಾಗಿ ಗುರುತಿಸಿ, ಇದರ ಕಡಿತದಿಂದ ರಕ್ತ ಹೆಪ್ಪುಗಟ್ಟದೆ ಹೋಗುತ್ತದೆ, ಮೂತ್ರಪಿಂಡ ಸೋಲುತ್ತದೆ ಅಂತ ದಾಖಲಿಸಿದರು. ಅದಕ್ಕೂ ಮೊದಲು ಇದನ್ನು ಗರಗಸ ಮಂಡಲ ಅಂತ ತಪ್ಪಾಗಿ ತಿಳಿದು, ಕೆಲಸಕ್ಕೆ ಬಾರದ ಪ್ರತಿವಿಷ ಕೊಟ್ಟದ್ದೂ ಇದೆ. ದೇಶದ ಲೆಕ್ಕವಂತೂ ಇನ್ನೂ ಭೀಕರ. 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಅಂತ ಅಂದಾಜು. ವರ್ಷಕ್ಕೆ 58,000. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಸಾಯುವವರು ಹೆಚ್ಚಾಗಿ ಹಳ್ಳಿಯ ಬಡವರು, ಹಾಗಾಗಿ ಇಷ್ಟು ತಡವಾಯಿತು ಅಂತ ನನ್ನ ನಂಬಿಕೆ.

ಮೊದಲ ಧನ್ಯವಾದ ತೋಟದಲ್ಲಿ ದುಡಿಯುವ ಹೆಂಗಸರಿಗೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಉದುರಿದ ಅಡಿಕೆ ಹೆಕ್ಕುವಾಗ ಕೈಗೆ ಕಚ್ಚಿಸಿಕೊಂಡವರು, ನಸುಕಿನಲ್ಲಿ ರಬ್ಬರ್ ಟ್ಯಾಪಿಂಗಿಗೆ ಹೊರಟು ಕಾಲಿಗೆ ಕಚ್ಚಿಸಿಕೊಂಡವರು. ಕೂಲಿ ಬಿಟ್ಟು ನಮ್ಮ ಜೊತೆ ಕೂತರು. ಕಚ್ಚಿದ್ದು ಯಾವ ಹಾವು ಅಂತ ಹೆಚ್ಚಿನವರು ನೋಡಿಯೇ ಇರಲಿಲ್ಲ. ತೋಟದಿಂದ ರಸ್ತೆಗೆ ಹತ್ತಲಿಕ್ಕೇ ಬೇಕಾದಷ್ಟು ಹೊತ್ತು ಹೋಗುತ್ತದೆ. ಆಮೇಲೆ ಜೀಪು ಸಿಗಬೇಕು, ಆಮೇಲೆ ಆಸ್ಪತ್ರೆ, ಅಲ್ಲಿಂದ ಮಂಗಳೂರು. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರು ಎಷ್ಟು ದೂರವಾಗಿಬಿಟ್ಟಿತು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅವರ ಮಾತು ಕೇಳಿದ ಮೇಲೆ ನಮ್ಮ ಹಾಳೆಯಲ್ಲಿ ಎರಡು ವಿಷಯ ಗಟ್ಟಿಯಾದವು. ಮದ್ದು ತೋಟದಲ್ಲೇ ನುಂಗುವಂತಿರಬೇಕು. ಮತ್ತೆ, ಕಚ್ಚಿದ ಹಾವು ಯಾವುದು, ವಿಷ ಏರಿದೆಯೋ ಇಲ್ಲವೋ ಅಂತ ಗೊತ್ತಾಗುವ ಮೊದಲೇ ಅದನ್ನು ಕೊಡಬೇಕಾಗುತ್ತದೆ. ಎರಡನೆಯದು ಸಣ್ಣ ಮಾತಲ್ಲ. ವಿಷವೇ ಏರದವರೂ ಆ ಮಾತ್ರೆ ನುಂಗುತ್ತಾರೆ ಅಂತಾದರೆ ಅದು ತುಂಬ ತುಂಬ ಸುರಕ್ಷಿತವಾಗಿರಬೇಕು, ಅಲ್ವಾ? ಈಗ ಹಣ ಸಿಕ್ಕಿರುವ ಪರೀಕ್ಷೆಯನ್ನು ನಾವು ರೂಪಿಸಿದ್ದೇ ಈ ಲೆಕ್ಕದಲ್ಲಿ.

ಪ್ರಾಥಮಿಕ ಆರೋಗ್ಯ ಕೇಂದ್ರದ ಒಬ್ಬರು ನರ್ಸ್ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಬರೆಯಲೇಬೇಕು. ವಾಂತಿ ಮಾಡುತ್ತಿರುವವರಿಗೆ ಮಾತ್ರೆ ಹೇಗೆ ಕೊಡುತ್ತೀರಿ? ಕಟ್ಟುಹಾವು ಕಚ್ಚಿ ಗಂಟಲು ಸೋತು ನುಂಗಲಾಗದವರಿಗೆ? ಆ ದಿನದಿಂದ, ನೀರಿನಲ್ಲಿ ಕರಗಿಸಿ ಮೂಗಿನ ನಳಿಗೆಯಿಂದ ಹೊಟ್ಟೆಗೆ ಇಳಿಸಬಹುದಾದ ಪುಡಿಯ ರೂಪವೂ ನಮ್ಮ ಯೋಜನೆಯಲ್ಲಿದೆ. ನರ್ಸಮ್ಮ, ನಿಮಗೆ ನಮಸ್ಕಾರ. ಒಣಗಿದ ಗಾಜಿನ ನಳಿಗೆಯಲ್ಲಿ ರಕ್ತ ತೆಗೆದು, ಅಲುಗಾಡಿಸದೆ 20 ನಿಮಿಷ ಇಟ್ಟು, ಹೆಪ್ಪುಗಟ್ಟಿತೋ ಇಲ್ಲವೋ ನೋಡುವ ಆ ಹಳೆಯ ಪರೀಕ್ಷೆಯನ್ನು ರಾತ್ರಿ ಪಾಳಿಯಲ್ಲೂ ತಪ್ಪದೆ ಮಾಡುವ ಡಾಕ್ಟರುಗಳಿಗೂ ನಮಸ್ಕಾರ. ನಮಗೆ ಬೇಕಾದ ಮಾಹಿತಿಯನ್ನು ಅವರು ಊಟದ ಹೊತ್ತಿನಲ್ಲಿ ಬರೆದುಕೊಟ್ಟರು.

ಮುಳ್ಳೇರಿಯ ಕಡೆಯ ಒಬ್ಬ ಅಣ್ಣ ಬದುಕಿ ಉಳಿದವರು. ಆದರೆ ವಾರಗಟ್ಟಲೆ ಡಯಾಲಿಸಿಸ್ ಆಯಿತು. ಸತ್ತವರನ್ನು ಮಾತ್ರ ಲೆಕ್ಕ ಹಾಕಬೇಡಿ, ನನ್ನಂಥವರನ್ನೂ ಹಾಕಿ ಅಂದರು. ಮೂತ್ರಪಿಂಡ ಉಳಿಯಿತೇ, ಕೆಲಸಕ್ಕೆ ಮರಳಲು ಎಷ್ಟು ದಿನ ಹಿಡಿಯಿತು ಅನ್ನುವುದೂ ಈಗ ನಮ್ಮ ಗುರಿಗಳ ಪಟ್ಟಿಯಲ್ಲಿದೆ.

ಕುಂಬಳೆಯ ಹಿರಿಯರೊಬ್ಬರು ಮುಂಬೈಯ ಔಷಧ ಕಂಪನಿಗಳಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಬಂದವರು. ಶನಿವಾರ ಫೋನ್ ಮಾಡಿದರೆ ಗಂಟೆಗಟ್ಟಲೆ ಕಲಿಸುತ್ತಿದ್ದರು. ಒಂದು ರೂಪಾಯಿ ತೆಗೆದುಕೊಂಡಿಲ್ಲ. ಸೋತ ಮದ್ದುಗಳ ಕಥೆ ಓದು ಅಂತ ಅವರೇ ಹೇಳಿದ್ದು. ವಾರೆಸ್ಪ್ಲಾಡಿಬ್ ಎಂಬ ಮದ್ದು ಇದೆ. ಅದನ್ನು ಮಾಡಿದ್ದು ಹಾವಿಗೆ ಅಲ್ಲ. ಹೃದಯದ ರೋಗಿಗಳಲ್ಲಿ ಅದರ ದೊಡ್ಡ ಪರೀಕ್ಷೆಯನ್ನು 2012ರಲ್ಲಿ ನಿಲ್ಲಿಸಿದರು, ಪ್ರಯೋಜನ ಕಾಣಲಿಲ್ಲ. ಅದೇ ಅಣು ಹಲವು ಹಾವುಗಳ ವಿಷದಲ್ಲಿರುವ ಒಂದು ಮುಖ್ಯ ಕಿಣ್ವವನ್ನು ತಡೆಯುತ್ತದೆ ಅಂತ 2016ರಲ್ಲಿ ಪ್ರಕಟವಾಯಿತು. ಆಮೇಲೆ ಭಾರತ ಮತ್ತು ಅಮೆರಿಕದಲ್ಲಿ ಹಾವು ಕಚ್ಚಿದವರಿಗೆ ಕೊಟ್ಟು ನೋಡಿದರು. ಒಟ್ಟಾರೆ ಮುಖ್ಯ ಗುರಿ ಮುಟ್ಟಲಿಲ್ಲ. ಬೇಗ ಮದ್ದು ಸಿಕ್ಕವರಲ್ಲಿ ಮಾತ್ರ ಆಸೆ ಹುಟ್ಟಿಸುವ ಸೂಚನೆ ಕಂಡಿತು. ಬೇಗ ಅನ್ನುವುದೇ ಎಲ್ಲ. ತೋಟದ ಹೆಂಗಸರು ಹೇಳಿದ್ದೂ ಅದನ್ನೇ.

ನಡುವೆ ನಮ್ಮ ಹಳೆಯ ಹಣ ಮುಗಿದು ಹೊಸದು ಬಾರದೆ ಇದ್ದ ತಿಂಗಳುಗಳು ಕಷ್ಟದವು. ನಮ್ಮ ಅಣುವನ್ನು ಮೊದಲು ಗಮನಿಸಿದ ಹುಡುಗಿ ಸ್ಟೈಪೆಂಡ್ ಇಲ್ಲದೆ ಕೆಲಸ ಮಾಡಿದಳು, ಸಂಜೆ ಟ್ಯೂಷನ್ ಹೇಳಿದಳು. ಬದಿಯಡ್ಕದ ಕೆಲವು ಕೃಷಿಕರು ದುಡ್ಡು ಕೊಡಲು ಮುಂದೆ ಬಂದರು. ನಿಯಮದ ಪ್ರಕಾರ ತೆಗೆದುಕೊಳ್ಳುವ ಹಾಗಿರಲಿಲ್ಲ. ಹಾಗಾದರೆ ಜೀಪು ನಮ್ಮದು, ಊಟ ನಮ್ಮದು, ಉಳಿಯಲು ಮನೆ ನಮ್ಮದು ಅಂದರು. ಹಲಸಿನ ಹಣ್ಣಿನ ಕಾಲದಲ್ಲಿ ನಮ್ಮ ಹುಡುಗರು ಎರಡು ಸುತ್ತು ದಪ್ಪ ಆದರು.

ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪ್‌ನಲ್ಲಿ ಹೆಸರು ಇರುವ ಹಾವು ರಕ್ಷಕರು ಮಧ್ಯರಾತ್ರಿ ಕಳಿಸಿದ ಫೋಟೋ ನೋಡಿಯೂ ಗುರುತು ಹೇಳಿದರು. ನಮ್ಮ ಕನ್ನಡ ಮೇಷ್ಟ್ರು ಒಪ್ಪಿಗೆ ಪತ್ರವನ್ನು ಎಲ್ಲರಿಗೂ ಅರ್ಥವಾಗುವ ಹಾಗೆ ತಿದ್ದಿಕೊಟ್ಟರು. ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಅದನ್ನು ಓದಿ ಹೇಳಿದರು. ಬೇಡ ಅಂದವರನ್ನು ಒತ್ತಾಯಿಸಲಿಲ್ಲ. ಪರಂಪರೆಯ ವಿಷವೈದ್ಯರೊಬ್ಬರು, ತಮ್ಮ ಜಗಲಿಗೆ ಬಂದವರನ್ನು ಮೊದಲು ಆಸ್ಪತ್ರೆಗೆ ಕಳಿಸುವವರು, ತಮ್ಮ ವರ್ಷಗಳ ನೆನಪನ್ನೆಲ್ಲ ನಮಗೆ ಕೊಟ್ಟರು. ಸಂಶೋಧನಾ ಪೇಪರಿನಲ್ಲಿ ಇವರ ಯಾರ ಹೆಸರೂ ಬರುವುದಿಲ್ಲ. ಅದು ನನಗೆ ಸರಿ ಕಾಣುವುದಿಲ್ಲ, ಹಾಗಾಗಿ ಇಷ್ಟುದ್ದ ಬರೆದೆ.

ಅಮ್ಮನಿಗೂ ಧನ್ಯವಾದ. ನಾನು ಊರೂರು ತಿರುಗುವಾಗ ಮಗುವನ್ನು ನೋಡಿಕೊಂಡವಳು ಅವಳು.

ಸುರಕ್ಷತೆಯ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಪೆರ್ಲದಲ್ಲಿ ಎಲ್ಲರೂ ಸೇರುವ. ಚೆನ್ನಾಗಿ ಬಂದರೂ ಹೇಳುತ್ತೇವೆ, ಅಣು ಸೋತರೂ ಹೇಳುತ್ತೇವೆ. ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಕೊಡುತ್ತೇವೆ. ಅಲ್ಲಿಯವರೆಗೆ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಹೋಗಿ. ಅಡಿಕೆ ಹೆಕ್ಕುವಾಗ ಗಂಬೂಟು ಹಾಕಿ, ಕೈಯ ಬದಲು ಮೊದಲು ಕೋಲಿನಿಂದ ತರಗೆಲೆ ಸರಿಸಿ.